ನಾಣ್ಯದ ಲಾಂಛನವೂ ಕಲ್ಯಾಣದ ಭಂಡಾರವೂ

ಅರಸರು ಅಳಿದ ಮೇಲೂ ಅವರ ಮುದ್ರೆಯು ನಾಣ್ಯದ ಮೇಲೆ ಬಹುಕಾಲ ಉಳಿಯುವುದುಂಟು. ಮಟಕಿ, ಆಳಂದ ಮೊದಲಾದ ಗ್ರಾಮಗಳನ್ನೊಳಗೊಂಡ ಈ ಸೀಮೆಯು ಪೂರ್ವದಲ್ಲಿ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದಿತು. ವರಾಹವು ಆ ವಂಶದ ಲಾಂಛನ. ಹೊನ್ನಿನ ನಾಣ್ಯಕ್ಕೆ ವರಾಹವೆಂಬ ಹೆಸರು ಈ ಲಾಂಛನದಿಂದಲೇ ಬಂದಿತೆಂದು ಪ್ರಾಜ್ಞರು ಹೇಳುವರು. ಅನಂತರ ಕಲ್ಯಾಣವನ್ನಾಳಿದ ಕಲಚುರ್ಯರು ಶಾಸನಗಳಲ್ಲಿ ಸುವರ್ಣವೃಷಭಧ್ವಜರೆಂದು ವರ್ಣಿತರಾಗಿರುವರು. ದೇವಗಿರಿಯ ಯಾದವರದು ಗರುಡಲಾಂಛನ.

ವಿಜಯದ ಸ್ಮರಣೆಗಾಗಿಯೇ ನಾಣ್ಯವನ್ನು ಅಚ್ಚುಹಾಕಿಸಿದುದಕ್ಕೆ ಕನ್ನಡನಾಡಿನಲ್ಲಿ ದೊರೆಯುವ ಸ್ಫುಟವಾದ ನಿದರ್ಶನವು ಹೊಯ್ಸಳ ವಿಷ್ಣುವರ್ಧನನದು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನಿಗೆ (1076–1126) ಸಾಮಂತನಾಗಿದ್ದ ಈತನು 1116ರ ಸುಮಾರಿಗೆ ಚೋಳರಿಂದ ತಳಕಾಡನ್ನು ಗೆದ್ದುಕೊಂಡನು. ಆತನ ಹೊನ್ನಿನ ನಾಣ್ಯದ ಒಂದು ಮಗ್ಗುಲಲ್ಲಿ ಹೊಯ್ಸಳರ ಕುಲಲಾಂಛನವಾದ ಸಿಂಹವೂ, ಮತ್ತೊಂದರಲ್ಲಿ ಕನ್ನಡಲಿಪಿಯಲ್ಲಿ ತಳಕಾಡುಗೊಂಡನೆಂಬ ಬಿರುದೂ ಕಾಣುವುವು. ನೊಳಂಬವಾಡಿಯ ವಿಜಯಕ್ಕೂ ಇಂಥದೇ ನಾಣ್ಯವುಂಟು. ದೊರೆಯ ಹೆಸರಿನ ಸ್ಥಾನದಲ್ಲಿ ಗೆದ್ದ ನೆಲದ ಹೆಸರೇ ನಿಂತಿರುವುದು ಗಮನಾರ್ಹವಾಗಿದೆ. ತಳಕಾಡಿನ ಒಕ್ಕಲಿಗನೊಬ್ಬನು ಆ ನಾಣ್ಯದಿಂದ ತೆರಿಗೆ ತೆತ್ತಿದ್ದರೆ, ತನ್ನ ಊರು ಸೋತ ವಾರ್ತೆಯನ್ನೇ ಎಣಿಸಿಕೊಟ್ಟಂತಾಗುತ್ತಿದ್ದಿತಲ್ಲವೆ!

ಆದರೆ ಅರಸನ ಲಾಂಛನವಿದ್ದ ಮಾತ್ರಕ್ಕೆ ಚಿನಿವಾರನು ಹೊನ್ನನ್ನು ಒರೆಗೆ ಹಚ್ಚದೆ ಬಿಡನು. ವೀರಶೈವರಲ್ಲಿ ಲಾಂಛನಶಬ್ದಕ್ಕೆ ಜಂಗಮವೇಷವೆಂಬ ಅರ್ಥವೂ ಉಂಟೆಂಬುದು ಭಕ್ತರಿಗೆ ಸುವಿದಿತವೇ ಸರಿ. ಶರಣರು ಆ ಲಾಂಛನಕ್ಕೆ ತಲೆಬಾಗಿದರು. ಅದರೊಡನೆ ಆಚಾರವೆಷ್ಟೆಂದು ಕೇಳುವುದನ್ನೂ ಬಿಡಲಿಲ್ಲ. ಹೊನ್ನನ್ನು ಹೀಗೆ ಎಣಿಸಿ ಒರೆಯಿಕ್ಕಿ ನೋಡುವ ಉದ್ಯೋಗವೇ ಭಂಡಾರಿ ಬಸವಣ್ಣನವರ ಪಾಲಿಗೆ ಬಂದಿದ್ದಿತು. ಬಿಜ್ಜಳನ ಬೊಕ್ಕಸದ ಧನವು ಜಂಗಮದಾಸೋಹಕ್ಕೆ ಸೋರಿಹೋಗುತ್ತಿದೆ ಎಂದು ಕೊಂಡೆಯರು ದೂರಿದರೆಂದೂ, ಅರಸನು ಎಣಿಸಿ ನೋಡಿಸಲು ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂದೂ ಬಸವಪುರಾಣದ ಕಥೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬರೆದ ಆ ಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಪುರಾಣಕಾರರು ಇದನ್ನು ಪವಾಡವಾಗಿ ಬಣ್ಣಿಸಿರುವರು. ಲೆಕ್ಕಪತ್ರಗಳ ಭಾರವನ್ನು ಹೊತ್ತು ಬಲ್ಲವರಿಗಾದರೋ ಇದು ಕೈಶುದ್ಧಿಯ ಪ್ರಸಂಗವಾಗಿಯೂ ತೋರುವುದು. ವರಾಹ, ವೃಷಭಗಳ ಬಿರುದನ್ನು ಹೊತ್ತ ಅರಸರ ಕೀರ್ತಿಗಿಂತ ಆ ಲೆಕ್ಕದ ಕೀರ್ತಿಯೇ ಕಲ್ಯಾಣದಲ್ಲಿ ನಿಂತಿತು.

ಮುಂದೆ 1347ರಲ್ಲಿ ಕಲಬುರ್ಗಿಯಲ್ಲಿ ತಲೆಯೆತ್ತಿದ ಬಹಮನಿ ಸುಲ್ತಾನರ ನಾಣ್ಯಗಳಲ್ಲಿ ಪ್ರಾಣಿಲಾಂಛನವಿಲ್ಲ, ಅಕ್ಷರಗಳೇ ಅಲಂಕಾರ. ಹೈದರಾಬಾದಿನ ನಿಜಾಮರು 1857ರ ದಂಗೆಯ ತನಕ ದಿಲ್ಲಿಯ ಬಾದಷಹನ ಹೆಸರಿನಲ್ಲಿಯೇ ನಾಣ್ಯ ಹೊಡೆಯಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅವರ ರೂಪಾಯಿಯ ಮೇಲೆ ಚಾರ್‌ಮಿನಾರು ಬಂದಿತು. ಅದಾದರೂ 1591ರಲ್ಲಿ ಕುತುಬಶಾಹಿ ಅರಸನು ಕಟ್ಟಿಸಿದುದು. ಅನ್ಯವಂಶದ ಕಟ್ಟಡವು ಆಸಫಜಾಹಿ ಮನೆತನಕ್ಕೆ ಮುದ್ರೆಯಾಯಿತು! ಕಡೆಯ ನಿಜಾಮ ಮೀರ್ ಉಸ್ಮಾನ್ ಅಲಿಖಾನನ ಕಾಲದಲ್ಲಿ ಅದರ ಬಾಗಿಲ ನಡುವೆ ಆತನ ಹೆಸರಿನ ಮೊದಲಕ್ಷರವನ್ನು ಕೂರಿಸಿದರು. ಆಳಂದದ ಕಡೆಯವರು ಈ ಹಾಲಿ ಸಿಕ್ಕಾವನ್ನು ಕೊಂಡೊಯ್ದು ಸೊಲ್ಲಾಪುರದಲ್ಲಿ ವ್ಯಾಪಾರ ಮಾಡಬೇಕಾದರೆ ಅದನ್ನು ಕಲದಾರಕ್ಕೆ ಬದಲಿಸಿಕೊಳ್ಳಬೇಕಾಗಿದ್ದಿತು. ಆರು ಕಲದಾರಕ್ಕೆ ಸುಮಾರು ಏಳು ಹಾಲಿ. ಒಂದರ ಮೇಲೆ ಚಾರ್‌ಮಿನಾರು, ಇನ್ನೊಂದರ ಮೇಲೆ ಆಂಗ್ಲ ದೊರೆಯ ತಲೆ. ಬೆವರು ಮಾತ್ರ ಒಂದೇ ಹೊಲದ್ದು.

1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. 1950ರಲ್ಲಿ ಗಣರಾಜ್ಯದ ನಾಣ್ಯಗಳ ಮೇಲೆ ದೊರೆಯ ತಲೆಯಿದ್ದ ಎಡೆಯಲ್ಲಿ ಅಶೋಕನ ಸಿಂಹಸ್ತಂಭವು ನೆಲೆಗೊಂಡಿತು. 2006ರಲ್ಲಿ ಭಾರತ ಸರಕಾರವು ಬಸವೇಶ್ವರರ ಸ್ಮರಣಾರ್ಥವಾಗಿ 100 ರೂಪಾಯಿಯ ಹಾಗೂ 5 ರೂಪಾಯಿಯ ನಾಣ್ಯಗಳನ್ನು ಹೊರಡಿಸಿತು. ಒಂದು ಮಗ್ಗುಲಲ್ಲಿ ಸಿಂಹಸ್ತಂಭ, ಮತ್ತೊಂದರಲ್ಲಿ ಬಸವೇಶ್ವರರ ಮೂರ್ತಿ. ತಳಕಾಡುಗೊಂಡನ ನಾಣ್ಯದಲ್ಲಿಯೂ ಸಿಂಹವಿದ್ದಿತು, ಸ್ಮರಣೆಯೂ ಇದ್ದಿತು. ಆದರೆ ಇಲ್ಲಿ ಯಾವ ಊರೂ ಸೋತಿಲ್ಲ. ಅರಸನ ಹೊನ್ನನ್ನು ಎಣಿಸಿದವರೇ ಎಂಟು ಶತಮಾನಗಳ ತರುವಾಯ ನಾಣ್ಯದ ಮೇಲೆ ಬಂದು ಕುಳಿತರು.

100 ರೂಪಾಯಿಯ ನಾಣ್ಯವು ಸಂಗ್ರಾಹಕರ ಪೆಟ್ಟಿಗೆಯನ್ನು ಸೇರುವಂಥದು. 5 ರೂಪಾಯಿಯದನ್ನು ವೆಚ್ಚಮಾಡಲೊಲ್ಲದೆ ದೇವರ ಜಗಲಿಯ ಮೇಲೆ ವಿಭೂತಿಯುಂಡೆಯ ಪಕ್ಕದಲ್ಲಿಟ್ಟುಕೊಳ್ಳುವ ಭಕ್ತರೂ ಉಂಟು. ಅವರ ಭಾವವನ್ನು ಅಲ್ಲಗಳೆಯಲಾಗದು. ಆದರೂ ಕಾಯಕ ದಾಸೋಹಗಳನ್ನು ಬೋಧಿಸಿದವರ ನಾಣ್ಯಕ್ಕೆ ಒಪ್ಪುವ ಎಡೆಯು ಜಗಲಿಗಿಂತಲೂ ಸಂತೆಯೇ ಇದ್ದೀತು; ಅಲ್ಲಿ ಅದು ಜೋಳಕ್ಕೂ ತೊಗರಿಬೇಳೆಗೂ ಕೈಯಿಂದ ಕೈಗೆ ಸಾಗುವುದು.