ಶಾಲಾ ಭದ್ರತೆ ಮತ್ತು ಸಶಸ್ತ್ರ ಕಾವಲಿನ ಚರ್ಚೆ: ಬಾಗಲಕೋಟೆ ಸೀಮೆ

ಶಾಲೆಯಲ್ಲಿ ಮಕ್ಕಳನ್ನು ಕಾಯುವ ಹೊಣೆ ಯಾರದು, ಆ ಕಾವಲಿಗೆ ಆಯುಧ ಬೇಕೇ ಎಂಬ ಚರ್ಚೆ ಕರ್ನಾಟಕದಲ್ಲಿ ಗಟ್ಟಿಯಾದದ್ದು 2014ರ ನಂತರ. ಬೆಂಗಳೂರಿನಲ್ಲಿ ಹುಟ್ಟಿದ ಈ ಚರ್ಚೆ ಸುತ್ತೋಲೆಗಳ ಮೂಲಕ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಶಾಲೆಗಳಿಗೂ ಬಂದಿದೆ. ಆದರೆ ಈ ಸೀಮೆಯಲ್ಲಿ ಮತ್ತು ಅದರ ಸುತ್ತ ಮಕ್ಕಳಿಗೆ ಒದಗಿದ ಅಪಾಯಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಬಂದೂಕು ತಡೆಯಬಹುದಾಗಿದ್ದ ಅಪಾಯ ಕಾಣುವುದಿಲ್ಲ. ನೀರು, ಗೋಡೆ, ರಸ್ತೆ ಮತ್ತು ಪರಿಚಿತರ ಕೈಯಿಂದಲೇ ಹೆಚ್ಚಿನ ಕೇಡು ಬಂದಿದೆ. ಭದ್ರತೆಯ ಹಣ ಮತ್ತು ಗಮನ ಮೊದಲು ಹೋಗಬೇಕಾದದ್ದು ಅತ್ತ ಕಡೆಗೆ.

ಹತ್ತೊಂಬತ್ತನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಮುಂಬೈ ಕರ್ನಾಟಕದಲ್ಲಿ ಕನ್ನಡ ಶಾಲೆಗಳು ಬೆಳೆದವು. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಅಂದಿನ ಚಿಂತೆ ಮಕ್ಕಳನ್ನು ಶಾಲೆಗೆ ಕರೆತರುವುದಾಗಿತ್ತು. ಸುರಕ್ಷತೆ ಕಾನೂನಿನ ವಿಷಯವಾದದ್ದು ಬಹಳ ತಡವಾಗಿ. 2001ರಲ್ಲಿ ರಾಜ್ಯ ಸರ್ಕಾರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿ ಶಾಲೆಯ ಉಸ್ತುವಾರಿಯಲ್ಲಿ ಪಾಲಕರಿಗೆ ಪಾಲು ಕೊಟ್ಟಿತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಈ ದುರಂತದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೇ ಎಂದು ತೀರ್ಪಿತ್ತಿತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಆವರಣ ಗೋಡೆ ಅಥವಾ ಬೇಲಿ, ಶುದ್ಧ ಕುಡಿಯುವ ನೀರು, ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು ವಿಧಿಸಿತು; ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಭಾರತದ ಶಾಲಾ ಭದ್ರತೆಯ ನಿಜವಾದ ಅಡಿಪಾಯ ಈ ಸರಳ ಪಟ್ಟಿಯೇ.

2012ರ ನವೆಂಬರ್ 14ರಂದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ದೂರು ಕೊಡದಿರುವುದು ಶಿಕ್ಷಾರ್ಹವಾಯಿತು. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ನಡೆದ ಅತ್ಯಾಚಾರ ಪಾಲಕರನ್ನು ಬೀದಿಗಿಳಿಸಿತು. ಸಿಬ್ಬಂದಿಯ ಪೂರ್ವಾಪರ ಪರಿಶೀಲನೆ, ಸಿಸಿಟಿವಿ, ಶಾಲಾ ವಾಹನಗಳಿಗೆ ಜಿಪಿಎಸ್ ಕಡ್ಡಾಯ ಮಾಡುವ ಸೂಚನೆಗಳು ಹೊರಟವು. ಅದೇ ವರ್ಷ ಡಿಸೆಂಬರ್ 16ರಂದು ಪಾಕಿಸ್ತಾನದ ಪೇಶಾವರದ ಸೇನಾ ಶಾಲೆಯಲ್ಲಿ ಭಯೋತ್ಪಾದಕರು ನೂರಕ್ಕೂ ಹೆಚ್ಚು ಮಕ್ಕಳನ್ನು ಕೊಂದಾಗ, ಕೇಂದ್ರ ಗೃಹ ಸಚಿವಾಲಯ ಎತ್ತರದ ಗೋಡೆ, ದ್ವಾರ ಕಾವಲು, ಸಿಸಿಟಿವಿಗಳ ಮಾರ್ಗಸೂಚಿಯನ್ನು ರಾಜ್ಯಗಳಿಗೆ ಕಳಿಸಿತು. ಹೀಗೆ ಒಂದೇ ವರ್ಷದಲ್ಲಿ ಎರಡು ಬೇರೆ ಬೇರೆ ಭಯಗಳು ಒಂದೇ ಕಡತ ಸೇರಿದವು. 2017ರಲ್ಲಿ ಗುರುಗ್ರಾಮದ ಶಾಲೆಯಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ ಮೊದಲು ಸೆರೆಯಾದವನು ಬಸ್ ನಿರ್ವಾಹಕ. ಸಿಬಿಐ ತನಿಖೆಯ ನಂತರ ಆರೋಪ ಬಂದದ್ದು ಅದೇ ಶಾಲೆಯ ಹಿರಿಯ ವಿದ್ಯಾರ್ಥಿಯ ಮೇಲೆ.

ಬಾಗಲಕೋಟೆ ಜಿಲ್ಲೆಯ ಜನ ಶಾಲೆಯ ಬಾಗಿಲಲ್ಲಿ ಪೊಲೀಸರನ್ನು ಕಾಣುವುದು ಹೆಚ್ಚಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ದಿನಗಳಲ್ಲಿ. ಪ್ರಶ್ನೆಪತ್ರಿಕೆಯ ಬಂಡಲುಗಳು ಖಜಾನೆಯಿಂದ ಕಾವಲಿನಲ್ಲಿ ಬರುತ್ತವೆ, ಕೇಂದ್ರದ ಸುತ್ತ ನಿಷೇಧಾಜ್ಞೆ ಇರುತ್ತದೆ, ಹತ್ತಿರದ ಝೆರಾಕ್ಸ್ ಅಂಗಡಿಗಳ ಬಾಗಿಲು ಮುಚ್ಚಿಸುತ್ತಾರೆ. ಅಲ್ಲಿ ಕಾಯುವುದು ಪರೀಕ್ಷೆಯನ್ನು. 2022ರ ಫೆಬ್ರುವರಿಯಲ್ಲಿ ತರಗತಿಗೆ ಹಿಜಾಬ್ ಧರಿಸಿ ಬರುವ ಕುರಿತ ವಿವಾದದ ವೇಳೆ ಬನಹಟ್ಟಿಯ ಕಾಲೇಜಿನ ಬಳಿ ಕಲ್ಲು ತೂರಾಟ ನಡೆದಾಗ ಸ್ಥಿತಿ ಬೇರೆಯಾಗಿತ್ತು. ರಾಜ್ಯದ ಪ್ರೌಢಶಾಲೆ ಮತ್ತು ಕಾಲೇಜುಗಳಿಗೆ ರಜೆ ಕೊಟ್ಟು, ಮತ್ತೆ ತೆರೆದಾಗ ಹಲವೆಡೆ ದ್ವಾರದಲ್ಲಿ ಪೊಲೀಸರು ನಿಂತರು. ಶಾಂತಿ ಕಾಯಲು ಅದು ಆ ಹೊತ್ತಿಗೆ ಬೇಕಾಗಿತ್ತು. ಆದರೆ ಒಂದೇ ಬೆಂಚಿನ ಮಕ್ಕಳ ನಡುವೆ ಬಿದ್ದ ಬಿರುಕನ್ನು ಕೂಡಿಸುವ ಕೆಲಸ ಶಿಕ್ಷಕರಿಗೂ ಪಾಲಕರಿಗೂ ಉಳಿಯಿತು.

ನೆರೆಯ ತಾಲ್ಲೂಕುಗಳ ಎರಡು ಘಟನೆಗಳು ಇನ್ನೂ ಸ್ಪಷ್ಟ ಸಾಕ್ಷ್ಯ ಕೊಡುತ್ತವೆ. 2022ರ ಡಿಸೆಂಬರ್‌ನಲ್ಲಿ ನರಗುಂದ ತಾಲ್ಲೂಕಿನ ಹದ್ಲಿ ಶಾಲೆಯಲ್ಲಿ ಹಲ್ಲೆಗೊಳಗಾಗಿ ನಾಲ್ಕನೇ ತರಗತಿಯ ಬಾಲಕ ಸತ್ತ. ಆರೋಪಿ ಅದೇ ಶಾಲೆಯ ಅತಿಥಿ ಶಿಕ್ಷಕ. 2025ರ ಜುಲೈನಲ್ಲಿ ಸವದತ್ತಿ ತಾಲ್ಲೂಕಿನ ಹೂಲಿಕಟ್ಟಿಯ ಸರ್ಕಾರಿ ಶಾಲೆಯಲ್ಲಿ ಕುಡಿಯುವ ನೀರಿನ ಟ್ಯಾಂಕಿಗೆ ಕೀಟನಾಶಕ ಬೆರೆತು ಹತ್ತಕ್ಕೂ ಹೆಚ್ಚು ಮಕ್ಕಳು ಅಸ್ವಸ್ಥರಾದರು. ಮುಸ್ಲಿಂ ಮುಖ್ಯೋಪಾಧ್ಯಾಯರನ್ನು ವರ್ಗ ಮಾಡಿಸುವ ಉದ್ದೇಶದಿಂದ ಈ ಸಂಚು ನಡೆಯಿತೆಂದೂ, ವಿಷ ಹಾಕಿಸಲು ಆಮಿಷ ತೋರಿಸಿ ವಿದ್ಯಾರ್ಥಿಯೊಬ್ಬನನ್ನೇ ಬಳಸಿಕೊಂಡರೆಂದೂ ಪೊಲೀಸ್ ತನಿಖೆ ತಿಳಿಸಿತು. ಬಾಗಿಲಲ್ಲಿ ಬಂದೂಕುಧಾರಿ ನಿಂತಿದ್ದರೂ ಪಾಟಿಚೀಲ ಹೊತ್ತ ಆ ಹುಡುಗನನ್ನು ಒಳಗೆ ಬಿಡುತ್ತಿದ್ದ. ಅಲ್ಲಿ ಬೇಕಾಗಿದ್ದದ್ದು ಬೀಗ ಹಾಕಿದ ಟ್ಯಾಂಕು, ದಿನವೂ ನೀರು ಪರೀಕ್ಷಿಸುವ ರೂಢಿ ಮತ್ತು ದ್ವೇಷಕ್ಕೆ ಊರಿನ ಹಿರಿಯರು ಒಡ್ಡುವ ತಡೆ. ಇವುಗಳ ಜತೆಗೆ 2009 ಮತ್ತು 2019ರ ಮಲಪ್ರಭೆಯ ನೆರೆಯನ್ನೂ, ಹುನಗುಂದ, ಇಳಕಲ್ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಿಥಿಲ ಕೊಠಡಿ ಮತ್ತು ಮಕ್ಕಳನ್ನು ಕಿಕ್ಕಿರಿದು ತುಂಬಿದ ಆಟೊ ಇಲ್ಲಿನ ದಿನನಿತ್ಯದ ಅಪಾಯಗಳು.

ಸಶಸ್ತ್ರ ಕಾವಲಿನ ವಾದ ಬಲವಾಗಿ ಬೆಳೆದದ್ದು ಅಮೆರಿಕದಲ್ಲಿ. 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದ ನಂತರ ಅಲ್ಲಿ ಶಾಲಾ ಪೊಲೀಸರ ನೇಮಕ ವ್ಯಾಪಕವಾಯಿತು. ಆದರೂ 2018ರಲ್ಲಿ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ ಗುಂಡಿನ ದಾಳಿಗೆ 17 ಮಂದಿ ಸಾಯುತ್ತಿದ್ದಾಗ ಸಶಸ್ತ್ರ ಅಧಿಕಾರಿ ಕಟ್ಟಡದ ಹೊರಗೇ ಉಳಿದ. 2022ರಲ್ಲಿ ಯುವಾಲ್ಡಿಯ ಶಾಲೆಗೆ 376 ಅಧಿಕಾರಿಗಳು ಧಾವಿಸಿದರೂ ಹಂತಕನನ್ನು ಎದುರಿಸಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. 1980ರಿಂದ 2019ರವರೆಗಿನ 133 ಶಾಲಾ ಗುಂಡಿನ ದಾಳಿ ಪ್ರಕರಣಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ, ಸಶಸ್ತ್ರ ಕಾವಲಿದ್ದ ಶಾಲೆಗಳಲ್ಲಿ ಸಾವಿನ ಪ್ರಮಾಣ 2.83 ಪಟ್ಟು ಹೆಚ್ಚಿತ್ತೆಂದು ಕಂಡಿತು. ಕಾವಲೇ ಸಾವಿಗೆ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೆ ಬಂದೂಕು ಬಂದೂಕನ್ನು ತಡೆಯುತ್ತದೆ ಎಂಬ ಭರವಸೆಗೆ ಇದು ಆಧಾರ ಕೊಡುವುದಿಲ್ಲ. ಭಾರತದಲ್ಲಿಯೂ 2011ರಲ್ಲಿ ಸುಪ್ರೀಂ ಕೋರ್ಟ್ ಛತ್ತೀಸಗಡದ ಶಾಲೆಗಳಲ್ಲಿ ಬೀಡುಬಿಟ್ಟಿದ್ದ ಭದ್ರತಾ ಪಡೆಗಳನ್ನು ತೆರವು ಮಾಡುವಂತೆ ಆದೇಶಿಸಿತು.

ಸಶಸ್ತ್ರ ಕಾವಲು ಬೇಡವೆಂಬ ನಿಲುವಿಗೆ ಬರುವ ಮೊದಲ ಆಕ್ಷೇಪ, ಪೇಶಾವರದಂಥದ್ದು ಒಮ್ಮೆ ನಡೆದರೂ ಸಾಕಲ್ಲವೇ ಎಂಬುದು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಂದ ಬಾಂಬ್ ಬೆದರಿಕೆ ಹುಸಿಯಾದರೂ ಪಾಲಕರ ಆತಂಕ ಹುಸಿಯಾಗಿರಲಿಲ್ಲ. ಆದರೆ ಅಂದು ಕೆಲಸಕ್ಕೆ ಬಂದದ್ದು ಮಕ್ಕಳನ್ನು ಕ್ರಮವಾಗಿ ಹೊರಗೆ ಕರೆತಂದ ಶಿಕ್ಷಕರ ಸಮಯಪ್ರಜ್ಞೆ ಮತ್ತು ಹೊರಗಿನಿಂದ ಬಂದ ಬಾಂಬ್ ನಿಷ್ಕ್ರಿಯ ದಳ. ಹಾಗೆ ಹೊರಬರುವುದರ ಅಣಕು ಅಭ್ಯಾಸ ಬಾದಾಮಿಯ ಶಾಲೆಗೂ ಬೇಕು. ಎರಡನೆಯ ಆಕ್ಷೇಪ ವಸತಿ ಶಾಲೆಗಳದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಲ್ಲಿ ರಾತ್ರಿ ಕಾವಲು ಬೇಕೇ ಬೇಕು. ಆದರೆ ಅಲ್ಲಿ ಅಗತ್ಯವಿರುವುದು ಪೂರ್ವಾಪರ ಪರಿಶೀಲಿಸಿ ನೇಮಿಸಿದ ಕಾವಲುಗಾರ ಮತ್ತು ಹೆಣ್ಣುಮಕ್ಕಳ ವಸತಿಗೆ ಮಹಿಳಾ ವಾರ್ಡನ್. ಮೂರನೆಯದು ಸಿಸಿಟಿವಿಯ ಪರವಾದ ವಾದ. ಗೇಟು ಮತ್ತು ಪಡಸಾಲೆಗೆ ಅದು ಸರಿಯೇ. ಆದರೆ ಪೋಕ್ಸೊ ಪ್ರಕರಣಗಳ ಆರೋಪಿಗಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಮಗುವಿಗೆ ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುವಾಗ, ಮಗು ಧೈರ್ಯವಾಗಿ ಮಾತಾಡಬಲ್ಲ ಒಬ್ಬ ಶಿಕ್ಷಕಿ ಕ್ಯಾಮೆರಾಕ್ಕಿಂತ ಹೆಚ್ಚು ಕಾಯುತ್ತಾಳೆ.

ಪೊಲೀಸರ ಪಾತ್ರ ಇದರಿಂದ ಕಡಿಮೆಯಾಗುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ಹೆದ್ದಾರಿ ದಾಟಿಸುವುದು, ಚುಡಾಯಿಸುವವರನ್ನು ಅಟ್ಟುವ ಬೀಟ್, ಮಕ್ಕಳನ್ನು ಠಾಣೆಗೆ ಕರೆಸಿ ಮಾತಾಡಿಸುವ ‘ತೆರೆದ ಮನೆ’ ಕಾರ್ಯಕ್ರಮ ಅವರಿಗೆ ತಕ್ಕ ಕೆಲಸ. ಒಳಗಿನ ಹೊಣೆಯನ್ನು ಶಾಲಾ ಸುರಕ್ಷತೆ ಕುರಿತ 2021ರ ಕೇಂದ್ರ ಮಾರ್ಗಸೂಚಿ ಶಾಲಾ ಆಡಳಿತದ ಮೇಲೆಯೇ ಹೊರಿಸಿದೆ. ಆವರಣ ಗೋಡೆಯನ್ನು ಉದ್ಯೋಗ ಖಾತರಿ ಹಣದಲ್ಲಿ ಕಟ್ಟಿದ ಪಂಚಾಯಿತಿಗಳು ರಾಜ್ಯದಲ್ಲಿ ಹಲವಿವೆ. ಪ್ರತಿ ಎಸ್‌ಡಿಎಂಸಿ ತನ್ನ ಸಭೆಯಲ್ಲಿ ಗೋಡೆ, ಟ್ಯಾಂಕು, ಶೌಚಾಲಯ, ಆಟೊ ಮತ್ತು ಹೊಸ ಸಿಬ್ಬಂದಿಯ ಹಿನ್ನೆಲೆಯನ್ನು ಪರಿಶೀಲಿಸಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸೇವೆಯ 112 ಸಂಖ್ಯೆಗಳು ಪ್ರತಿ ತರಗತಿಯ ಗೋಡೆಯ ಮೇಲಿರಬೇಕು. ಇಷ್ಟೂ ಆಗದ ಶಾಲೆಗೆ ಬಂದೂಕು ಕಳಿಸುವುದು ಭದ್ರತೆ ಅಲ್ಲ.