ಓಡಿಸಿದವರು, ಓಡಿದವರು: ಐಕಳದ 13.62 ಸೆಕೆಂಡಿನ ಮರುಓದು

ಐಕಳ ಕಂಬಳದ (ಕರಾವಳಿಯ ಕೋಣಗಳ ಓಟದ) 9.55 ಸೆಕೆಂಡಿನ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. 2020ರ ಫೆಬ್ರವರಿಯಲ್ಲಿ ಆ ಅಂಕಿ ದೇಶವೆಲ್ಲ ಸುತ್ತಿತು, ಅಂದಿನ ಕ್ರೀಡಾ ಸಚಿವ ಕಿರಣ್ ರಿಜಿಜು ಅವರ ಟ್ವೀಟ್ ಆಯಿತು, ಕೊನೆಗೆ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರಕ್ಕೆ ಟ್ರಯಲ್ಸ್‌ಗೆ ಬನ್ನಿ ಎಂಬ ಕರೆಯಾಗಿ ಮೂಡುಬಿದಿರೆ ಬಳಿಯ ಅಶ್ವತ್ಥಪುರಕ್ಕೇ ಮರಳಿತು. ಆ ಅಂಕಿಯ ಓಟಗಾರ, ಅಶ್ವತ್ಥಪುರದ ಶ್ರೀನಿವಾಸ ಗೌಡರು ಒಪ್ಪಲಿಲ್ಲ. ಅಂದಿನಿಂದ ಪಂಡಿತರಲ್ಲಿ ಎರಡು ಪಕ್ಷ. ಒಬ್ಬ ಉಸೇನ್ ಬೋಲ್ಟ್ ನಮ್ಮ ಕೈತಪ್ಪಿದ ಎನ್ನುವವರು ಒಂದು ಕಡೆ, ಇಡೀ ಪ್ರಕರಣವೇ ನಗೆಪಾಟಲು ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಕೈಗೆತ್ತಿಕೊಳ್ಳದ ಆಕರವೊಂದಿದೆ: ಕಂಬಳ ಮುಗಿದ ಮರುದಿನ ಕರಾವಳಿಯ ಪತ್ರಿಕೆಗಳಲ್ಲಿ ಬರುವ ಫಲಿತಾಂಶ ಪಟ್ಟಿ. ಅದರಲ್ಲಿ ಮೊದಲು ಬರುವುದು ಕೋಣಗಳ ಯಜಮಾನರ ಹೆಸರು. ಅದರ ಕೆಳಗೆ, ‘ಓಡಿಸಿದವರು’ ಎಂಬ ಮಾತಿನ ಮುಂದೆ, ಓಟಗಾರನ ಹೆಸರು. ನನ್ನ ವಾದವೆಲ್ಲ ಆ ಪದದ ನಡುವಿನ ‘ಸಿ’ ಅಕ್ಷರದ ಮೇಲೆ ನಿಂತಿದೆ. ಪಟ್ಟಿ ‘ಓಡಿಸಿದವರು’ ಎಂದಿತ್ತು, ದೇಶ ಅದನ್ನು ‘ಓಡಿದವರು’ ಎಂದು ಓದಿತು.

ಮೊದಲು ಲೆಕ್ಕ. ಫೆಬ್ರವರಿ 1ರಂದು ಐಕಳದ ಕರೆಯಲ್ಲಿ (ಕೋಣಗಳು ಓಡುವ ಕೆಸರಿನ ಹಾದಿಯಲ್ಲಿ) ದಾಖಲಾದದ್ದು 142.5 ಮೀಟರಿಗೆ 13.62 ಸೆಕೆಂಡು. (ಕಂಬಳದ ಸಮಯದ ಅಳತೆಯ ಬಗ್ಗೆ ಮುಂದೆ ಕಂಬಳದ ವಲಯದೊಳಗೇ ತಕರಾರು ಎದ್ದಿತು. ವಾದಕ್ಕಾಗಿ ಅಂಕಿಯನ್ನು ಇದ್ದಂತೆಯೇ ಒಪ್ಪಿಕೊಳ್ಳುತ್ತೇನೆ.) ಯಾರೋ ತ್ರೈರಾಶಿ ಹಾಕಿದರು, 100 ಮೀಟರಿಗೆ 9.55 ಬಂತು. ನಿಜಕ್ಕೂ ಬರುವುದು 9.558. ಅಥ್ಲೆಟಿಕ್ಸ್‌ನಲ್ಲಿ ಸಮಯವನ್ನು ಮೇಲಕ್ಕೇ ಏರಿಸಿ ಬರೆಯುವುದರಿಂದ ಅದು 9.56 ಆಗಬೇಕಿತ್ತು. ಬರ್ಲಿನ್‌ನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ ಮಾಡಿದ 9.58ರ ದಾಖಲೆಯನ್ನು ಮುರಿಯುವ ಅವಸರದಲ್ಲಿ ಯಾರಿಗೂ ಆ ಒಂದು ಸೆಂಟಿಸೆಕೆಂಡಿನ ಪರಿವೆ ಇರಲಿಲ್ಲ.

ಗೇಲಿ ಮಾಡುವ ಪಕ್ಷ ಇಲ್ಲಿ ತಟ್ಟನೆ ಎದ್ದು ನಿಲ್ಲುತ್ತದೆ. ಹೊರಡುವಾಗಿನ ನಿಧಾನ 142 ಮೀಟರಿನಲ್ಲಿ ಹಂಚಿಹೋಗುತ್ತದೆ, ಆದ್ದರಿಂದ ತ್ರೈರಾಶಿಯೇ ತಪ್ಪು, ಮಾತು ಮುಗಿಯಿತು ಎನ್ನುತ್ತದೆ. ಮಾತು ಮುಗಿದಿಲ್ಲ. ಅದೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ರಸ್ತೆಯ ಮೇಲೆ ಹಾಸಿದ ನೇರ ಟ್ರ್ಯಾಕಿನಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ಅದರ ಕೊನೆಯ 100 ಮೀಟರಿಗೆ ಹಿಡಿದದ್ದು 8.70. ಅದೇ ವೇಗದ ಲೆಕ್ಕದಲ್ಲಿ ತುದಿಯ ಏಳೂವರೆ ಮೀಟರನ್ನು ಕಳೆದರೆ, 142.5 ಮೀಟರಿನ ಗುರುತಿನಲ್ಲಿ ಬೋಲ್ಟ್‌ನ ಸಮಯ ಸುಮಾರು 13.70. ಅಂದರೆ ತ್ರೈರಾಶಿಯನ್ನು ಪೂರ್ತಿ ಬದಿಗಿಟ್ಟು, ಅದೇ ದೂರಕ್ಕೆ ಅದೇ ದೂರವನ್ನು ಹೋಲಿಸಿದರೂ ಐಕಳದ ಅಂಕಿಯೇ ಮುಂದೆ. ಹಾಗಾದರೆ ದೋಷ ಗುಣಾಕಾರ ಭಾಗಾಕಾರದಲ್ಲಿಲ್ಲ. ಲೆಕ್ಕದ ತಪ್ಪು ಹಿಡಿದು ತೃಪ್ತರಾದ ವಿಮರ್ಶಕರು, ಲೆಕ್ಕ ಹಾಕಿದವರಿಗಿಂತ ಹೆಚ್ಚೇನೂ ಕಂಡಿರಲಿಲ್ಲ.

ದೋಷ ಇರುವುದು ಕರ್ತೃವಿನಲ್ಲಿ. ಹಲಗೆಯ ವಿಭಾಗಗಳಲ್ಲಿ ಓಟಗಾರ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಹಗ್ಗ ಮತ್ತು ನೇಗಿಲಿನ ವಿಭಾಗಗಳಲ್ಲಿ ಕೋಣಗಳ ಹಿಂದೆ ಕಾಲಿನಿಂದಲೇ ಓಡುತ್ತಾನೆ. ಗಂತಿನಿಂದ (ಕರೆಯ ಆರಂಭದ ತುದಿಯಿಂದ) ಹೊರಟ ಜೋಡಿ ಎಳೆಯುತ್ತಿರುತ್ತದೆ, ಒಂದು ಕೈ ಆ ಎಳೆತಕ್ಕೆ ಕಟ್ಟುಬಿದ್ದಿರುತ್ತದೆ, ಕಾಲ ಕೆಳಗೆ ಕೆಸರು ನೀರು. ಓಟ ಮುಗಿಯುವ ಮಂಜೊಟ್ಟಿಯನ್ನು ಮೊದಲು ಮುಟ್ಟುವುದು ಕೋಣದ ಮೂತಿ. ಮನುಷ್ಯ ಅದರ ಹಿಂದೆ. ಮುಂದಿನಿಂದ ಎಳೆಸಿಕೊಂಡ ಓಟಗಾರ ತನ್ನ ಸ್ವಂತ ಗರಿಷ್ಠ ವೇಗವನ್ನೂ ಮೀರುತ್ತಾನೆ ಎಂಬುದು ಅಥ್ಲೆಟಿಕ್ಸ್ ತರಬೇತುದಾರರಿಗೆ ಹಳೆಯ ವಿಷಯ. ಎಲಾಸ್ಟಿಕ್ ಹಗ್ಗ ಕಟ್ಟಿ ಎಳೆಸುವುದು ಅವರ ಅಭ್ಯಾಸಕ್ರಮದಲ್ಲೇ ಇದೆ, ಆದರೆ ಹಾಗೆ ಬಂದ ಸಮಯವನ್ನು ಯಾರೂ ದಾಖಲೆಗೆ ಸೇರಿಸುವುದಿಲ್ಲ. ಗಡಿಯಾರ ಅಳೆದದ್ದು ಹತ್ತು ಕಾಲಿನ ಒಂದು ತಂಡವನ್ನು. ಇದನ್ನು ಎಲ್ಲರಿಗಿಂತ ಮೊದಲು ಹೇಳಿದವರು ಗೌಡರೇ: ಕಂಬಳದಲ್ಲಿ ಹಿಮ್ಮಡಿಯ ಬಲ, ಟ್ರ್ಯಾಕಿನಲ್ಲಿ ಬೆರಳ ತುದಿಯ ಬಲ, ಮೇಲಾಗಿ ಕೋಣಗಳ ಪಾತ್ರವೂ ಇದೆ ಎಂದು. ಅದನ್ನು ವಿನಯ ಎಂದುಕೊಂಡು ಮೆಚ್ಚಿದರು, ಸಾಕ್ಷ್ಯವೆಂದು ಯಾರೂ ದಾಖಲಿಸಿಕೊಳ್ಳಲಿಲ್ಲ.

ಇನ್ನೂ ಅನುಮಾನವಿದ್ದರೆ ವೇಣೂರಿನ ಕಂಬಳ ನೋಡಿ. ಹದಿನೈದು ದಿನ ಕಳೆಯುವಷ್ಟರಲ್ಲಿ ಅಲ್ಲಿ ನಿಶಾಂತ್ ಶೆಟ್ಟಿ 143 ಮೀಟರಿಗೆ 13.61 ಸೆಕೆಂಡು ದಾಖಲಿಸಿದರು. ಒಂದೇ ತಿಂಗಳಲ್ಲಿ ಒಂದೇ ಕರಾವಳಿಯ ಇಬ್ಬರು ಬೋಲ್ಟ್‌ನನ್ನು ಹಿಂದಿಕ್ಕಿದರೆ, ಮನುಷ್ಯರನ್ನು ಹೊಗಳುವ ಮುಂಚೆ ಅಳತೆಗೋಲನ್ನು ತಿರುಗಿಸಿ ನೋಡಬೇಕಿತ್ತು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕಲಾರೆ. ಕೋಣ ಎಳೆಯಿತು ಎನ್ನೋಣ. ಆ ವೇಗದಲ್ಲಿ ಕೆಸರಿನಲ್ಲಿ ಬೀಳದೆ ಕಾಲು ಕೀಳುವುದು ಎಲ್ಲರಿಂದ ಆಗುತ್ತದೆಯೇ? ಆಗುವುದಿಲ್ಲ. ಗೌಡರ ಪ್ರತಿಭೆ ನಿಜ, ಆದರೆ ಅದು ಟ್ರಯಲ್ಸ್ ಅಳೆಯಲು ಹೊರಟಿದ್ದ ಪ್ರತಿಭೆಯಲ್ಲ. ಸಾಯ್ ಕೇಂದ್ರದ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಿದ್ದರೆ ಸಿಗುತ್ತಿದ್ದದ್ದು ಇಪ್ಪತ್ತೆಂಟರ ಹರೆಯದ, ಸ್ಟಾರ್ಟಿಂಗ್ ಬ್ಲಾಕಿನ ಅಭ್ಯಾಸವೇ ಇಲ್ಲದ, ಕಾಲಿಗೆ ಪೆಟ್ಟಾಗಿದ್ದ ಒಬ್ಬರ ಅಂದಿನ ಸಮಯ ಮಾತ್ರ. 2019ರಲ್ಲಿ ಮಧ್ಯಪ್ರದೇಶದ ರಾಮೇಶ್ವರ್ ಗುರ್ಜರ್ ಅವರಿಗೆ ಆದದ್ದು ಇದೇ. ಬರಿಗಾಲಿನಲ್ಲಿ 11 ಸೆಕೆಂಡು ಎಂಬ ವಿಡಿಯೊ ನಂಬಿ ಭೋಪಾಲಕ್ಕೆ ಕರೆಸಿದರು, ಅವರು ಕೊನೆಯವರಾದರು, ಅಲ್ಲಿಗೆ ದೇಶ ಮರೆತಿತು. ವಿಡಿಯೊ ಅಳೆಯದ್ದನ್ನು ಟ್ರಯಲ್ಸೂ ಅಳೆಯಲಿಲ್ಲ.

ಅಮೆರಿಕದ ಫುಟ್‌ಬಾಲಿನವರು ಇದೇ ಗುಂಡಿಗೆ ದುಡ್ಡು ಸುರಿದು ಬೀಳುತ್ತಾರೆ. ಎಸೆದ ಚೆಂಡನ್ನು ಓಡುತ್ತ ಹಿಡಿಯುವ ರಿಸೀವರ್‌ಗಳನ್ನು ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಎತ್ತಿಕೊಳ್ಳುವ ಆಯ್ಕೆಯಲ್ಲಿ) ಆರಿಸುವ ಮುಂಚೆ 40 ಗಜ ಓಡಿಸುತ್ತಾರೆ. ಗಡಿಯಾರ ಹೊರಡುವುದು ಗುಂಡಿನ ಸದ್ದಿಗಲ್ಲ, ಓಟಗಾರ ಕದಲಿದಾಗ. 2017ರಲ್ಲಿ ಜಾನ್ ರಾಸ್ 4.22 ಸೆಕೆಂಡು ಓಡಿದ, ಸಿನ್ಸಿನಾಟಿ ತಂಡ ಒಂಬತ್ತನೆಯ ಸರದಿಯಲ್ಲೇ ಅವನನ್ನು ಎತ್ತಿಕೊಂಡಿತು. ಆ ಸರದಿಗೆ ತಕ್ಕ ಆಟ ಬರಲಿಲ್ಲ. ಆದರೆ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದ ಬಾಬ್ ಹೇಯ್ಸ್ ಡಲ್ಲಾಸ್ ತಂಡದಲ್ಲಿ ರಿಸೀವರ್ ಆಗಿ ಆಟದ ರಕ್ಷಣಾ ತಂತ್ರವನ್ನೇ ಬದಲಿಸಿದ. ಇಬ್ಬರಲ್ಲೂ ವೇಗವಿತ್ತು. ವೇಗದ ಜೊತೆಗೆ ಇನ್ನೇನಿತ್ತು ಎಂಬುದನ್ನು 40 ಗಜ ಹೇಳಲಾರದು.

ಕಂಬಳದಲ್ಲಿ ಆ ‘ಇನ್ನೇನು’ ಎಂಬುದನ್ನು ಬೇರ್ಪಡಿಸುವ ಸಾಮಗ್ರಿ ಪಟ್ಟಿಗಳಲ್ಲೇ ಬಿದ್ದಿದೆ. ಒಬ್ಬನೇ ಓಟಗಾರ ಒಂದೇ ಋತುವಿನಲ್ಲಿ ಬೇರೆ ಬೇರೆ ಯಜಮಾನರ ಜೋಡಿಗಳನ್ನು ಓಡಿಸುತ್ತಾನೆ; ಒಂದೇ ಜೋಡಿಯನ್ನು ಬೇರೆ ವರ್ಷ ಬೇರೆಯವರು ಓಡಿಸುತ್ತಾರೆ. ಕರೆಯ ಉದ್ದ ಊರೂರಿಗೆ ಬೇರೆ, ಅದನ್ನು ಸರಿದೂಗಿಸಿ ಜೋಡಿಯ ಪಾಲನ್ನು ಕಳೆದರೆ ಮನುಷ್ಯನ ಪಾಲು ಉಳಿಯುತ್ತದೆ. ಆಗ ಗೌಡರು ಉಳಿದವರಿಗಿಂತ ಎಷ್ಟು ಮೇಲು ಎಂದು ಧೈರ್ಯವಾಗಿ ಹೇಳಬಹುದು; ನನ್ನ ಊಹೆಯಲ್ಲಿ ಅದು ಸಣ್ಣ ಅಂತರವಲ್ಲ. ಆ ಕೆಲಸಕ್ಕೆ ಬೇಕಾದದ್ದು ಹಳೆಯ ಪತ್ರಿಕೆಗಳ ಕಟ್ಟು, ಮತ್ತು ಯಜಮಾನರ ಹೆಸರಿನ ಕೆಳಗಿನ ಸಾಲನ್ನೂ ಓದುವ ತಾಳ್ಮೆ.