ಗೇಟಿನ ಹಲಗೆ ಮತ್ತು ಬದಲಿ ಆಳು

ಮಳೆಗಾಲ ಬಂತೆಂದರೆ ಗೋಕಾಕ ಫಾಲ್ಸಿಗೆ ಜನ ಬಸ್ಸು ಮಾಡಿಕೊಂಡು ಬರ್ತಾರೆ. ಘಟಪ್ರಭೆ ಧುಮುಕುವುದನ್ನು ನೋಡ್ತಾರೆ, ತೂಗುಸೇತುವೆ ನೋಡ್ತಾರೆ, ಚುರುಮುರಿ ತಿಂದು ಹೋಗ್ತಾರೆ. ಪಕ್ಕದಲ್ಲೇ ಇರುವ ಗಿರಣಿಯ ಗೇಟಿನ ಮುಂದೆ ನಿಲ್ಲುವವರು ಕಡಿಮೆ. ನಾವು ಮಾತಾಡಬೇಕಾಗಿರುವುದು ಆ ಗೇಟಿನ ಬಗ್ಗೆ.

1885ರಲ್ಲಿ ಇಲ್ಲಿ ಕಂಪನಿ ಹುಟ್ಟಿತು. 1887ರಲ್ಲಿ ಅದೇ ಧುಮುಕುವ ನೀರಿನ ಬಲದಿಂದ ಕದಿರು ತಿರುಗಿದವು. ಹೊಲದಲ್ಲಿ ಹೊತ್ತು ನೋಡಿ ದುಡಿಯುತ್ತಿದ್ದವನು ಭೋಂಗಾ ಕೇಳಿ ದುಡಿಯತೊಡಗಿದ. ಗಡಿಯಾರ ಬದಲಾಯಿತು, ಕರಾರು ಬದಲಾಗಲಿಲ್ಲ. ಅಂದಿನ ಮುಂಬೈ ಪ್ರಾಂತ್ಯದ ಗಿರಣಿಗಳಲ್ಲಿ ಆಳನ್ನು ತೆಗೆದುಕೊಳ್ಳುವವನೂ ಹೊರಹಾಕುವವನೂ ಜಾಬರನೇ. ಅವನು ಕೆಲಸ ಕೊಡಿಸಲು ಲಂಚ ತಿನ್ನುವುದನ್ನು 1931ರಲ್ಲಿ ರಾಯಲ್ ಕಮಿಷನ್ನೇ ಬರೆದಿಟ್ಟಿತು. ಬಾಯಿಮಾತಿನ ಕಾನೂನು ಅಂದರೇನು ಅಂತ ಊರ ಹೊರಗಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮುಂಬೈ ಗಿರಣಿಗಳ ನೇಯ್ಗೆ ಖಾತೆಯನ್ನೇ ನೋಡಿ. ಅಲ್ಲಿ ಪಗಾರ ಹೆಚ್ಚು. ಆದರೆ ನೂಲು ಕಡಿದಾಗ ಲಾಳಿಗೆ ಬಾಯಿ ಹಚ್ಚಿ ಎಳೆಯನ್ನು ಹೀರಬೇಕು. ಅಸ್ಪೃಶ್ಯ ಬಾಯಿ ಹಚ್ಚಿದ ಲಾಳಿಯನ್ನು ಸವರ್ಣ ನೇಕಾರ ಮುಟ್ಟುವುದಿಲ್ಲ. ಹೀಗಾಗಿ ನಮ್ಮವರಿಗೆ ಆ ಖಾತೆಯ ಬಾಗಿಲು ಮುಚ್ಚಿತ್ತು. ಈ ನಿಯಮ ಯಾವ ಹಲಗೆಯ ಮೇಲೂ ಇರಲಿಲ್ಲ, ಮಾಲಕನೊಬ್ಬನೇ ಮಾಡಿದ್ದೂ ಅಲ್ಲ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರರು ಇದನ್ನು ಎತ್ತಿದ್ದು ಕಾರ್ಮಿಕ ಮುಖಂಡರ ಮುಂದೆಯೇ. ಕೆಂಪು ಬಾವುಟದ ಗೆಳೆಯರು ಇದನ್ನು ಮರೆಯಬಾರದು.

ಕೆಲಸದ ಕರಾರನ್ನು ಬರೆದು ತೋರಿಸಬೇಕು ಎಂಬ ಕಟ್ಟಳೆ ಮುಂಬೈ ಪ್ರಾಂತ್ಯಕ್ಕೆ ಬಂದದ್ದು 1938ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ. ನಮ್ಮ ಬೆಳಗಾವಿ ಜಿಲ್ಲೆ ಆಗ ಅದೇ ಪ್ರಾಂತ್ಯದಲ್ಲಿತ್ತು. ವಿಚಿತ್ರ ನೋಡಿ, ಅದೇ ಕಾಯ್ದೆ ಮುಷ್ಕರದ ಕೈಯನ್ನೂ ಕಟ್ಟಿತ್ತು. ಅದರ ವಿರುದ್ಧ 1938ರ ನವೆಂಬರ್ 7ರಂದು ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷವೂ ಕಮ್ಯುನಿಸ್ಟರೂ ಕೂಡಿ ಮುಷ್ಕರ ಹೂಡಿದರು. ಒಂದು ಕೈಯಲ್ಲಿ ನಿಯಮದ ಹಾಳೆ ಕೊಟ್ಟು ಇನ್ನೊಂದು ಕೈಯಲ್ಲಿ ಬಾಯಿ ಮುಚ್ಚಿಸುವ ಈ ಚಾಳಿ ಅಂದಿನಿಂದಲೂ ಐತಿ.

ಇಡೀ ದೇಶಕ್ಕೆ ಸ್ಥಾಯಿ ಆದೇಶಗಳ ಕಾಯ್ದೆ ಬಂದದ್ದು 1946ರ ಏಪ್ರಿಲ್‌ನಲ್ಲಿ. ಆಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅಂಬೇಡ್ಕರರದೇ. ನೂರು ಮಂದಿ ದುಡಿಯುವ ಕಾರ್ಖಾನೆಯಾದರೆ ಮಾಲಕ ಎಲ್ಲವನ್ನೂ ಬರೆದು ಅಧಿಕಾರಿಯಿಂದ ಪ್ರಮಾಣೀಕರಿಸಿಕೊಳ್ಳಬೇಕು: ಯಾರು ಕಾಯಂ, ಯಾರು ಹಂಗಾಮಿ, ಯಾರು ಬದಲಿ, ಪಾಳಿ, ಪಗಾರದ ದಿನ, ಸೂಟಿ, ಯಾವ ಗೇಟಿನಿಂದ ಒಳಗೆ ಬರಬೇಕು, ಝಡತಿ ಹೇಗೆ, ಯಾವ ತಪ್ಪಿಗೆ ಏನು ಶಿಕ್ಷೆ, ಅನ್ಯಾಯವಾದರೆ ಯಾರಿಗೆ ಹೇಳಬೇಕು. ಅದನ್ನು ಬಾಗಿಲ ಬಳಿ ಹಲಗೆಯ ಮೇಲೆ ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಹಾಕಬೇಕು. ಗೋಕಾಕ್ ಚಳವಳಿ ಎಂದರೆ ನಮಗೆ ನೆನಪಾಗುವುದು 1982, ಅದೂ ಶಾಲೆಯ ಕನ್ನಡ. (ಆ ಹೆಸರು ವರದಿ ಕೊಟ್ಟ ವಿ.ಕೃ. ಗೋಕಾಕರದು, ಈ ಊರಿನದಲ್ಲ.) ಗಿರಣಿ ಗೇಟಿನಲ್ಲಿ ಕಾರ್ಮಿಕನ ಭಾಷೆ ಇರಬೇಕೆಂದು ಕಾನೂನು ಅದಕ್ಕಿಂತ 36 ವರ್ಷ ಮೊದಲೇ ಹೇಳಿತ್ತು. ಶುಲ್ಕ ಕಟ್ಟಿ ಅರ್ಜಿ ಹಾಕಿದ ಯಾರಿಗಾದರೂ ಆ ಆದೇಶಗಳ ಪ್ರತಿ ಕೊಡಬೇಕಿತ್ತು. ಎಷ್ಟು ಮಂದಿ ಮಾಸ್ತರರು ಕೇಳಿದ್ದೇವೆ?

ಮೊದಲ ಹತ್ತು ವರ್ಷ ಆ ನಿಯಮ ನ್ಯಾಯವೋ ಅನ್ಯಾಯವೋ ಎಂದು ನೋಡುವ ಅಧಿಕಾರವೇ ಅಧಿಕಾರಿಗೆ ಇರಲಿಲ್ಲ. 1956ರ ತಿದ್ದುಪಡಿ ಅದನ್ನು ಕೊಟ್ಟಿತು. ವಿಚಾರಣೆಗಾಗಿ ಅಮಾನತಾದವನಿಗೆ ಮೊದಲ 90 ದಿನ ಅರ್ಧ ಪಗಾರ, ಆಮೇಲೆ ಮುಕ್ಕಾಲು ಎಂಬುದು ಬಂದದ್ದು 1982ರಲ್ಲಿ. ಅಲ್ಲಿಯವರೆಗೆ ಹಸಿವೆಯೇ ಅನೇಕರ ವಿಚಾರಣೆ ಮುಗಿಸಿರಬೇಕು.

ಇನ್ನು ಈ ಹಲಗೆಯ ನೆರಳು ಎಲ್ಲಿಯವರೆಗೆ ಬೀಳತೈತಿ? ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ, ಗೋಕಾಕ ಸೀಮೆಯಲ್ಲಿ ಘಟಪ್ರಭಾ, ಎರಡೂ ಸಹಕಾರಿ ಸಕ್ಕರೆ ಕಾರ್ಖಾನೆಗಳು. ಮೊದಲು ಗೋಕಾಕ ತಾಲೂಕಿನೊಳಗೇ ಇದ್ದು ಈಗ ಬೇರೆಯಾದ ಮೂಡಲಗಿಯಲ್ಲೂ ಕಬ್ಬೇ ಕಬ್ಬು. ಗಾಣದ ಮನೆಯೊಳಗಿನವನಿಗೆ ಹಾಜರಿ ಪುಸ್ತಕ ಉಂಟು, ಸೀಜನ್ ಮುಗಿದರೆ ಏನೆಂಬ ನಿಯಮವೂ ಉಂಟು. ಕಬ್ಬು ಕಡಿಯುವ ಗ್ಯಾಂಗಿಗೆ? ಅವರ ಕರಾರು ಮುಕಾದಮನ ಮುಂಗಡದಲ್ಲಿ. ಮರಾಠಿ ಸೀಮೆಯಿಂದ ಬರುವ ಟೋಳಿಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ‘ಕೋಯ್ತಾ’. ಹೆಣ್ಣು ಲೆಕ್ಕದಲ್ಲಿ ಅರ್ಧ ಕುಡಗೋಲು! ಇದು ಒಂದು ಕಾರ್ಖಾನೆಯ ದೋಷವಲ್ಲ, ಇಡೀ ಸಕ್ಕರೆ ಧಂದೆಯೇ ಹೀಗೆ ನಿಂತಿದೆ. ಕಬ್ಬು ಗೇಟಿನೊಳಗೆ ಹೋಗ್ತದ, ಕಡಿದವರು ಹೊರಗೇ ಉಳಿತಾರ. ಆ ಹೊರಗಿನವರಲ್ಲಿ ನಮ್ಮ ಕೇರಿಯ ಮಂದಿ ಎಷ್ಟೆಂದು ಓದುಗರಿಗೆ ಗೊತ್ತೇ ಐತಿ.

1946ರ ಕಾಯ್ದೆ ಈಗಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಅದನ್ನು ನುಂಗಿತು. ನೂರು ಇದ್ದದ್ದು ಮುನ್ನೂರಾಯಿತು. 299 ಮಂದಿ ದುಡಿಯುವಲ್ಲಿ ಆ ಹಲಗೆ ಹಾಕಲೇಬೇಕೆಂದು ಈ ಸಂಹಿತೆ ಮಾಲಕನಿಗೆ ಹೇಳುವುದಿಲ್ಲ. ‘ನಿಗದಿತ ಅವಧಿ’ಯ ನೌಕರ ಎಂಬ ಹೊಸ ಹೆಸರು ವರ್ಗಗಳ ಪಟ್ಟಿಗೆ ಸೇರಿದೆ. ಅದರ ಪಕ್ಕದಲ್ಲೇ, ಭೋಂಗಾ ಕೂಗುವ ಮೊದಲು ಬಂದು ಇವತ್ತು ಯಾರು ಗೈರುಹಾಜರು ಎಂದು ಕಾಯುತ್ತ ನಿಲ್ಲುತ್ತಿದ್ದ ನಮ್ಮ ಹಳೆಯ ಬದಲಿಯೂ ಇದ್ದಾನೆ, ಅದೇ ಹೆಸರಿನಲ್ಲಿ.